ಅತ್ತಿಗೆಯ ಅಂಟು, ಹನಿಯ ಗುರುತು

ನಮ್ಮ ಅತ್ತಿಗೆಗೆ ಕೋಪ ಬಂದರೆ ಮೊದಲು ಮೂಗಿನಲ್ಲಿ ಕಾಣುತ್ತದೆ. ಹೊಳ್ಳೆ ಅರಳುತ್ತದೆ, ಕೈಯಲ್ಲಿದ್ದ ಬ್ರಷ್ಷನ್ನು ಮೇಜಿನ ಮೇಲೆ ಕುಕ್ಕುತ್ತಾರೆ, ಆಮೇಲೆ ಮಾತು ಶುರು. ಅಷ್ಟು ಹೊತ್ತಿಗೆ ನಮ್ಮಣ್ಣ, ಅಂದರೆ ಅವರ ಗಂಡ, ಕಟಿಂಗ್ ಮಷೀನಿನ ಹಿಂದೆ ಸೇರಿಕೊಂಡು ಅದನ್ನು ಚಾಲೂ ಮಾಡಿರುತ್ತಾನೆ. ನನಗೆ ಆ ಸೌಕರ್ಯವಿಲ್ಲ. ನಾನು ಹಾಳೆ ಮಡಿಸುವ ಮೇಜಿನಲ್ಲಿ ಅವರ ಎದುರಿಗೇ ಕೂರುವವಳು. ಮೂವತ್ತೊಂದು ವರ್ಷದಿಂದ ಅವರ ಬೈಗುಳವನ್ನೂ ಪ್ರೀತಿಯನ್ನೂ ಮೊದಲು ಉಂಡವಳು ನಾನೇ. ಅವರ ಬಗ್ಗೆ ಬರೆಯುವ ಹಕ್ಕು ನಾದಿನಿಗಲ್ಲದೆ ಇನ್ನಾರಿಗಿದೆ, ಹೇಳಿ.

ನಮ್ಮದು ನೋಟ್‌ಬುಕ್ ಕಟ್ಟುವ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಒಂದು ಉದ್ದನೆಯ ಕೋಣೆ, ಅದರ ತುದಿಗೆ ಒಲೆಯಿರುವ ಇನ್ನೊಂದು ಪುಟ್ಟ ಕೋಣೆ, ಮೆಟ್ಟಿಲ ಕೆಳಗೆ ಗೋದಾಮು ಎಂದು ನಾವು ಕರೆಯುವ ಕತ್ತಲೆಗೂಡು. ಹದಿನಾಲ್ಕು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಮಡಿಸುವವರು, ಹೊಲಿಯುವವರು, ರಟ್ಟು ಅಂಟಿಸುವವರು. ಇದನ್ನು ಶುರು ಮಾಡಿದವರು ನಮ್ಮಪ್ಪ. ಹೋಗುವಾಗ ಮಗನಿಗೆ ಮಷೀನು ಬಿಟ್ಟುಹೋದರು, ಅಂಟು ಕುದಿಸುವ ಪಾತ್ರೆಯನ್ನು ಮಾತ್ರ ಸೊಸೆಯ ಕೈಗೆ ಕೊಟ್ಟರು. "ಪುಸ್ತಕ ನಿಲ್ಲೋದು ಅಂಟಿನ ಮೇಲಮ್ಮಾ. ಇವನ ಕೈಗೆ ಕೊಟ್ರೆ ತಳ ಸೀಯಿಸ್ತಾನೆ" ಎಂದು ಅಣ್ಣನ ಎದುರಿಗೇ ಹೇಳಿದ್ದರು. ಅಣ್ಣನಿಗೆ ಬೇಜಾರೇನೂ ಆಗಲಿಲ್ಲ, ಬೆಳಿಗ್ಗೆ ಬೇಗ ಏಳುವುದು ತಪ್ಪಿತಲ್ಲ ಎಂದು ಖುಷಿಯೇ ಆಗಿತ್ತು.

ಹೀಗಿರುವಾಗ ಶಾಲೆಗಳ ಖರೀದಿ ಕಚೇರಿಯಿಂದ ಒಂದು ಪತ್ರ ಬಂತು. ಊರಿನ ಅಷ್ಟೂ ಶಾಲೆಗಳಿಗೆ ನೋಟ್‌ಬುಕ್ ಕೊಳ್ಳುವವರು ಅವರು. ನಮ್ಮ ವರ್ಷದ ಕೆಲಸದಲ್ಲಿ ಮುಕ್ಕಾಲು ಪಾಲು ಅವರದ್ದೇ. ಮುಂದಿನ ಟೆಂಡರಿನಲ್ಲಿ ಹನಿ ಗುರುತು ಇರುವ ಪುಸ್ತಕಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಬರೆದಿದ್ದರು. ವೃತ್ತದೊಳಗೆ ಒಂದು ನೀರಿನ ಹನಿ. ಆ ಗುರುತನ್ನು ನಾವು ಸೋಪಿನ ಪೊಟ್ಟಣದ ಮೇಲೆ, ಬಣ್ಣದ ಡಬ್ಬಿಯ ಮೇಲೆ, ಒಂದೆರಡು ಹೋಟೆಲುಗಳ ಬಾಗಿಲ ಗಾಜಿನ ಮೇಲೆ ನೋಡಿದ್ದೆವು. ಅದನ್ನು ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ, ದೇವರಾಣೆಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ. ಹತ್ತು ತಿಂಗಳೊಳಗೆ ಅದು ನಮ್ಮ ಪುಸ್ತಕದ ಮೇಲೆ ಬರದಿದ್ದರೆ ಹದಿನಾಲ್ಕು ಜನರಲ್ಲಿ ಹತ್ತು ಜನರಿಗೆ ನಾಳೆಯಿಂದ ಬರಬೇಡಿ ಎಂದು ಹೇಳಬೇಕು, ಹೇಳುವವರು ಅತ್ತಿಗೆ.

"ಅಷ್ಟೇ ತಾನೆ? ಒಂದು ಬ್ಲಾಕ್ ಮಾಡಿಸಿ ನಾವೇ ಒತ್ತಿಬಿಡೋಣ" ಎಂದ ಅಣ್ಣ. "ಎಲೆ ಸಾಹುಕಾರ ಒತ್ಕೊಂಡಿಲ್ವಾ?"

ಎಲೆ ಸಾಹುಕಾರ ಎಂದರೆ ನಮ್ಮ ಬೀದಿಯ ಆಚೆ ತುದಿಯಲ್ಲಿ ದೊಡ್ಡ ನೋಟ್‌ಬುಕ್ ಕಾರ್ಖಾನೆ ಇಟ್ಟಿರುವವನು. ತನ್ನ ಪ್ರತಿ ಪುಸ್ತಕದ ಹಿಂದೆ ಹಸಿರು ಎಲೆಯೊಂದನ್ನು ಒತ್ತಿಸಿ, ಅದರ ಕೆಳಗೆ 'ಪ್ರಕೃತಿಯ ಗೆಳೆಯ' ಎಂದು ಬರೆಸಿದ್ದ. ಆ ಗೆಳೆಯನ ಕಾರ್ಖಾನೆಯ ಹಿಂದಿನ ಚರಂಡಿ ಒಂದೊಂದು ದಿನ ಒಂದೊಂದು ಬಣ್ಣದಲ್ಲಿ ಹರಿಯುತ್ತಿತ್ತು.

ಅತ್ತಿಗೆ ಮಾರನೆಯ ದಿನವೇ ನಮ್ಮದೊಂದು ಪುಸ್ತಕ, ಸಾಹುಕಾರನದೊಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹನಿ ಗುರುತಿನ ಕಚೇರಿಗೆ ಹೊರಟರು. ನಾನೂ ಜೊತೆಗೆ ಹೋದೆ. ಕಿಟಕಿಯ ಹಿಂದೆ ಒಬ್ಬ ಗುಮಾಸ್ತೆ ಕೂತಿದ್ದಳು. ಎಲೆಯನ್ನು ನೋಡಿ, "ಇದನ್ನ ಯಾರು ಕೊಟ್ರು?" ಎಂದು ಕೇಳಿದಳು.

"ಯಾರೂ ಕೊಟ್ಟಿಲ್ಲ, ಅವನೇ ಹಾಕ್ಕೊಂಡಿದ್ದು."

"ಹಾಗಾದ್ರೆ ಮಗು ತನ್ನ ಪರೀಕ್ಷೆ ಪೇಪರ್ ತಾನೇ ತಿದ್ದಿ, ನೂರಕ್ಕೆ ನೂರು ಹಾಕ್ಕೊಂಡ ಹಾಗಾಯ್ತು. ನಮ್ಮಲ್ಲಿ ಬರೆಯೋರು ಬೇರೆ, ತಿದ್ದೋರು ಬೇರೆ ಅಮ್ಮಾ."

ಆಮೇಲೆ ಅವಳು ಬಿಡಿಸಿ ಹೇಳಿದ್ದನ್ನು ಅತ್ತಿಗೆ ಸಂಜೆ ಹದಿನಾಲ್ಕು ಜನರನ್ನೂ ಸುತ್ತ ಕೂರಿಸಿಕೊಂಡು ಕಥೆಯ ಹಾಗೆ ಹೇಳಿದರು. ಸೋಪಿಗೊಂದು, ಬಣ್ಣಕ್ಕೊಂದು, ಹೋಟೆಲಿಗೊಂದು, ನೋಟ್‌ಬುಕ್ಕಿಗೊಂದು ಹೀಗೆ ಬೇರೆ ಬೇರೆ ನಿಯಮದ ಪುಸ್ತಕಗಳಿವೆ. ಅದನ್ನು ಬರೆಯುವಾಗ ತಯಾರು ಮಾಡುವವರು, ಕೊಳ್ಳುವವರು, ವಿಜ್ಞಾನಿಗಳು, ಹೊಳೆ ಕೆರೆ ಕಾಯುವವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಜಗಳವಾಡುತ್ತಾರಂತೆ. ಬರೆದಾದ ಮೇಲೆ ಯಾರು ಬೇಕಾದರೂ ಓದಬಹುದು. ನಾವು ಅರ್ಜಿ ಹಾಕಿದರೆ ಒಬ್ಬರು ಬಂದು ನೋಡುತ್ತಾರೆ. ಅವರು ಎತ್ತಿಕೊಂಡು ಹೋದ ಪುಸ್ತಕವನ್ನು ಇನ್ನೊಂದು ಕಡೆ ಪರೀಕ್ಷೆ ಮಾಡುತ್ತಾರೆ, ಪ್ರಯೋಗಾಲಯದವರಿಗೆ ಅದು ಯಾರ ಪುಸ್ತಕ ಎಂದೇ ಗೊತ್ತಿರುವುದಿಲ್ಲ, ಬರೀ ಒಂದು ನಂಬರ್ ಇರುತ್ತದೆ. ಕೊನೆಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ನಮ್ಮ ಮುಖವನ್ನೂ ನೋಡಿರುವುದಿಲ್ಲ.

"ಮೂರು ಕಡೆ ಮೂರು ಜನ ಕಣ್ರೇ! ಸಾಹುಕಾರ ಲಂಚ ಕೊಡ್ಬೇಕು ಅಂದ್ರೂ ಯಾರ ಜೇಬಿಗೆ ಹಾಕ್ಬೇಕು ಅಂತ ಗೊತ್ತಾಗಲ್ಲ, ಪಾಪ" ಎಂದು ಅತ್ತಿಗೆ ಚಪ್ಪಾಳೆ ತಟ್ಟಿಕೊಂಡು ನಕ್ಕರು. ಅವರಿಗೆ ಆ ವ್ಯವಸ್ಥೆಯ ಮೇಲೆ ಅಂದೇ ಪ್ರೀತಿ ಹುಟ್ಟಿತು. ನಮ್ಮಲ್ಲಿ ಬಚ್ಚಿಡುವಂಥದ್ದು ಏನಿದೆ ಎಂಬ ಧೈರ್ಯ.

ಅರ್ಜಿ ನಲವತ್ತು ಪುಟ. ತುಂಬುವ ಕೆಲಸ ನನ್ನ ತಲೆಗೆ ಬಂತು, ಏಕೆಂದರೆ ಅಕ್ಷರ ದುಂಡಗಿರುವುದು ನನ್ನದೇ. ಕಾಗದ ಎಲ್ಲಿಂದ? ಹಳೆಯ ಕಾಗದವನ್ನು ಅರೆದು ಮತ್ತೆ ಕಾಗದ ಮಾಡುವ ಗಿರಣಿಯಿಂದ. ಅವರ ಪತ್ರ ಲಗತ್ತಿಸಿದೆವು. ಗೆರೆ ಹೊಡೆಯುವ ಶಾಯಿ ಯಾವುದು? ಅದರ ಪತ್ರವೂ ಸಿಕ್ಕಿತು. ದಾರ ಹತ್ತಿಯದು. ರಟ್ಟು, ಪಿನ್ನು, ಕಟ್ಟುವ ಹುರಿ, ಒಂದನ್ನೂ ಬಿಡುವ ಹಾಗಿರಲಿಲ್ಲ. ಇಪ್ಪತ್ತಮೂರನೆಯ ಪುಟದಲ್ಲಿ ಅಂಟು ಬಂತು. 'ಬಳಸುವ ಎಲ್ಲ ವಸ್ತುಗಳನ್ನೂ, ಪ್ರಮಾಣ ಎಷ್ಟೇ ಕಡಿಮೆಯಿದ್ದರೂ, ನಮೂದಿಸಿ.'

"ಅತ್ತಿಗೆ, ಅಂಟಿಗೆ ಏನೇನು?"

"ಮೈದಾ, ನೀರು."

"ಅಷ್ಟೇನಾ?"

"ಇನ್ನೇನು, ನನ್ನ ಬೆವರೂ ಬರ್ಕೋ ಹೋಗು."

ನಾನು ಮೈದಾ, ನೀರು ಎಂದು ಬರೆದೆ. ಅತ್ತಿಗೆ ಕೆಳಗೆ ಸಹಿ ಹಾಕಿದರು.

ಎರಡು ತಿಂಗಳ ಮೇಲೆ ಪರಿಶೀಲಕಿ ಬಂದರು. ಎತ್ತರದ ಹೆಂಗಸು, ಭುಜಕ್ಕೊಂದು ಚೀಲ, ಕೈಯಲ್ಲೊಂದು ಫ್ಲಾಸ್ಕು. ಅತ್ತಿಗೆ ಚಹಾ ತರಿಸಿದರೆ, "ಬೇಡಮ್ಮಾ, ಪರಿಶೀಲನೆಗೆ ಹೋದ ಕಡೆ ನಾವು ಏನೂ ತಗೊಳ್ಳೋ ಹಾಗಿಲ್ಲ" ಎಂದು ತಮ್ಮ ಫ್ಲಾಸ್ಕಿನಿಂದಲೇ ಬಗ್ಗಿಸಿಕೊಂಡು ಕುಡಿದರು. ಅವರು ವಾಪಸು ಗೇಟು ದಾಟುವ ಮೊದಲೇ ನಮ್ಮ ಹೆಂಗಸರು ಅವರಿಗೆ ಫ್ಲಾಸ್ಕಮ್ಮ ಎಂದು ಹೆಸರಿಟ್ಟಾಗಿತ್ತು. ಆಕೆ ಬಂದದ್ದು ಮಧ್ಯಾಹ್ನ, ಆ ದಿನದ ಅಂಟು ಕುದಿಸಿ ಮುಗಿದ ಮೇಲೆ. ಅಂಟಿನ ಪಾತ್ರೆಯಲ್ಲಿ ಬೆರಳದ್ದಿ ನೋಡಿದರು, ಖರೀದಿಯ ರಸೀತಿಗಳನ್ನು ಒಂದೊಂದಾಗಿ ತಿರುವಿದರು, ಚರಂಡಿಗೆ ಬಗ್ಗಿ ಮೂಸಿದರು. ಅತ್ತಿಗೆ ಒಂದು ಅಂದವಾದ ಕಟ್ಟನ್ನು ಆರಿಸಿ ಮುಂದಿಟ್ಟರೆ ಅದನ್ನು ಬಿಟ್ಟು, ಗೋದಾಮಿನ ಮೂಲೆಯಿಂದ ತಾವೇ ಆರು ಪುಸ್ತಕ ಎಳೆದು, ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿ ತೆಗೆದುಕೊಂಡು ಹೋದರು.

ಆರು ವಾರಕ್ಕೆ ಪತ್ರ ಬಂತು. ನಾನೇ ಓದಿದೆ. 'ಪುಸ್ತಕದ ಬೆನ್ನಿನ ಅಂಟಿನಲ್ಲಿ ತಾಮ್ರದ ಅಂಶ ಮಿತಿಗಿಂತ ಒಂಬತ್ತು ಪಟ್ಟು ಹೆಚ್ಚಿದೆ. ಅರ್ಜಿದಾರರು ಇದನ್ನು ಘೋಷಿಸಿರುವುದಿಲ್ಲ. ಅರ್ಜಿಯನ್ನು ತಡೆಹಿಡಿಯಲಾಗಿದೆ.'

ಅಬ್ಬಾ, ಆ ದಿನ! ಮೂಗಿನ ಹೊಳ್ಳೆ ಅರಳಿದ್ದು ಬೀದಿಯ ಆಚೆ ತುದಿಗೂ ಕಂಡಿರಬೇಕು. "ತಾಮ್ರಾನಾ? ಮೈದಾಹಿಟ್ಟಲ್ಲಿ ತಾಮ್ರ ಎಲ್ಲಿಂದ ಬರುತ್ತೆ? ಪಾತ್ರೆ ಅಲ್ಯೂಮಿನಿಯಂದು! ಅಂದ್ರೆ ನಾನು ಸುಳ್ಳುಗಾರ್ತಿ ಅಂತ ತಾನೇ ಇವರ ಮಾತಿನ ಅರ್ಥ?" ಎಂದು ಪತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡರು. ಪ್ರಯೋಗಾಲಯದವರು ಪುಸ್ತಕ ಅದಲುಬದಲು ಮಾಡಿದ್ದಾರೆ ಎಂದರು. ಸಾಹುಕಾರನ ಕೈವಾಡ ಎಂದರು. "ಅವನಿಗೆ ಯಾರ ಜೇಬು ಅಂತ ಗೊತ್ತಾಗಲ್ಲ ಅಂದಿದ್ದು ನೀವೇ ಅಲ್ವಾ ಅತ್ತಿಗೆ" ಎಂದು ಬಾಯಿ ಜಾರಿ ಅಂದುಬಿಟ್ಟೆ. ಎರಡು ದಿನ ನನ್ನ ಜೊತೆ ಮಾತಿಲ್ಲ.

ಮೂರನೆಯ ದಿನ ಅವರೇ ಬಂದು ನನ್ನ ಎದುರಿಗೆ ಕೂತರು. ಕಣ್ಣು ಕೆಂಪಗಿತ್ತು. "ಕೆಲಸ ಹೋದ್ರೆ ಹೋಗ್ಲಿ ಕಣೇ, ಹೇಗೋ ಬದುಕ್ತೀವಿ ಅಂತ ಅಂದ್ಕೋಬಹುದು. ಸುಳ್ಳು ಬರೆದು ಸಹಿ ಹಾಕಿದ್ಳು ಅನ್ನಿಸ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ. ನಿಯಮದ ಪುಸ್ತಕ ತೆಗಿ. ಇದಕ್ಕೆ ಏನಾದ್ರೂ ದಾರಿ ಇರ್ಲೇಬೇಕು."

ದಾರಿ ಇತ್ತು. ಮೂವತ್ತು ದಿನದೊಳಗೆ ಆಕ್ಷೇಪಣೆ ಬರೆದರೆ ಮತ್ತೊಮ್ಮೆ ಬಂದು, ಹಿಟ್ಟು ಕಲಸುವುದರಿಂದ ಹಿಡಿದು ಕಟ್ಟು ಕಟ್ಟುವವರೆಗೆ ಪೂರಾ ಎದುರಿಗೇ ನಿಂತು ನೋಡುತ್ತಾರೆ. ಅತ್ತಿಗೆ ಹೇಳಿದರು, ನಾನು ಬರೆದೆ. ಅವರು ಹೇಳಿದ್ದರಲ್ಲಿ ಅರ್ಧದಷ್ಟನ್ನು ನಾನು ಬರೆಯಲಿಲ್ಲ, ಬರೆದಿದ್ದರೆ ಪೊಲೀಸರು ಬರುತ್ತಿದ್ದರು.

ಫ್ಲಾಸ್ಕಮ್ಮ ಈ ಸಲ ಬೆಳಿಗ್ಗೆ ಆರಕ್ಕೇ ಬಂದು ಒಲೆಯ ಕೋಣೆಯ ಬಾಗಿಲಲ್ಲಿ ನಿಂತರು. ಅತ್ತಿಗೆ ಶುಭ್ರವಾದ ಏಪ್ರನ್ ಕಟ್ಟಿಕೊಂಡು, ಸೆಟೆದು ನಿಂತು, ನೋಡಿ ಬೇಕಾದರೆ ಎಂಬಂತೆ ಶುರು ಮಾಡಿದರು. ಮೈದಾ ಅಳೆದರು. ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿದರು. ಕುದಿಯುವ ನೀರಿಗೆ ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವಿದರು. ಬಿಳಿ ನೀರು ಮೆಲ್ಲಗೆ ಪಾರದರ್ಶಕವಾಗಿ ಹೊಳೆಯತೊಡಗಿತು. ಅತ್ತಿಗೆಯ ಎಡಗೈ ಒಲೆಯ ಮೇಲಿನ ಹಲಗೆಗೆ ಹೋಯಿತು, ಅಲ್ಲಿದ್ದ ಪುಟ್ಟ ಡಬ್ಬಿಯ ಮುಚ್ಚಳ ತೆಗೆಯಿತು, ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ ಪಾತ್ರೆಗೆ ಉದುರಿಸಿತು, ಮುಚ್ಚಳ ಹಾಕಿತು. ಬಲಗೈ ತಿರುವುತ್ತಲೇ ಇತ್ತು.

"ಅದೇನಮ್ಮಾ?" ಎಂದರು ಫ್ಲಾಸ್ಕಮ್ಮ.

"ಯಾವುದು?"

"ಈಗ ಹಾಕಿದ್ರಲ್ಲ, ಅದು."

"ನಾನೇನು ಹಾಕ್ದೆ?" ಎಂದು ಅತ್ತಿಗೆ ನಿಜವಾಗಿಯೂ ಕೇಳಿದರು. ಆಮೇಲೆ ತಮ್ಮ ಎಡಗೈಯನ್ನು ನೋಡಿಕೊಂಡರು. ಎರಡು ಬೆರಳ ತುದಿಯಲ್ಲಿ ನೀಲಿ ಪುಡಿ ಅಂಟಿತ್ತು.

ಮೈಲುತುತ್ತ, ತಾಮ್ರದಿಂದಾಗುವ ನೀಲಿ ವಿಷ. ನಮ್ಮಪ್ಪನ ಡಬ್ಬಿ. ಅಂಟು ಹಳಸಬಾರದು, ಪುಸ್ತಕಕ್ಕೆ ಹುಳ ಬರಬಾರದು ಎಂದು ಹಳೆಯ ಬೈಂಡಿಂಗಿನವರು ಒಂದು ಚಿಟಿಕೆ ಹಾಕುತ್ತಿದ್ದರು. ಅಪ್ಪ ಯಾವ ಕಾಲದಲ್ಲೋ ಎರಡು ಕಿಲೋ ತಂದು ಪುಡಿ ಮಾಡಿಸಿ ಇಟ್ಟಿದ್ದರು, ಅದು ಇನ್ನೂ ಮುಗಿದಿರಲಿಲ್ಲ. ಹಾಗಾಗಿ ರಸೀತಿಯೂ ಇರಲಿಲ್ಲ, ನೆನಪೂ ಇರಲಿಲ್ಲ. ಅಡುಗೆಗೆ ಏನು ಹಾಕಿದೆ ಎಂದು ಕೇಳಿದರೆ ಉಪ್ಪಿನ ಹೆಸರನ್ನು ಯಾರು ಹೇಳುತ್ತಾರೆ? ಇಷ್ಟು ವರ್ಷ ದಿನಾ ಬೆಳಿಗ್ಗೆ ಆ ಕೈ ಹಲಗೆಗೆ ಹೋಗಿದೆ. ದಿನಾ ಆ ಒಲೆಯ ಕೋಣೆಗೆ ಹೋಗಿಬರುತ್ತಿದ್ದ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಆ ಡಬ್ಬಿಯ ಧೂಳು ಒರೆಸುತ್ತಿದ್ದವಳು ನಾನೇ!

ಅತ್ತಿಗೆ ಸೌಟನ್ನು ಕೆಳಗಿಟ್ಟರು. ಅವರು ಅತ್ತದ್ದನ್ನು ನಾನು ಅಪ್ಪ ತೀರಿಕೊಂಡ ದಿನ ಬಿಟ್ಟರೆ ನೋಡಿರಲಿಲ್ಲ. "ಹಾಗಾದ್ರೆ ಸುಳ್ಳು ಹೇಳಿದ್ದು ನಾನೇ" ಎಂದರು. "ನಿಮ್ಮ ಪ್ರಯೋಗಾಲಯದವರನ್ನ ಏನೇನೋ ಬೈದುಬಿಟ್ಟೆ. ಸಾಹುಕಾರನ್ನೂ ಬೈದೆ. ಎಲ್ಲಾ ನನ್ನ ಕೈಯಲ್ಲೇ ಇತ್ತಲ್ಲಾ ತಾಯಿ."

"ಸುಳ್ಳು ಬೇರೆ, ತಪ್ಪು ಬೇರೆ. ನಾನು ಕಣ್ಣಾರೆ ನೋಡಿದ್ದನ್ನ ಬರೀತೀನಿ" ಎಂದು ಫ್ಲಾಸ್ಕಮ್ಮ ಅಲ್ಲೇ ನಿಂತು ಬರೆದುಕೊಂಡರು.

"ಒಂದು ಚಿಟಿಕೆಯಮ್ಮಾ, ಅಷ್ಟಕ್ಕೆ ಏನಾಗುತ್ತೆ?" ಎಂದು ನಾನು ಬಾಯಿ ಹಾಕಿದೆ. ಅಪ್ಪನ ಡಬ್ಬಿ ಅಲ್ಲವೇ, ನನಗೂ ಹೊಟ್ಟೆ ಉರಿದಿತ್ತು.

"ವರ್ಷ ಮುಗಿದ ಮೇಲೆ ನಿಮ್ಮ ಪುಸ್ತಕ ಎಲ್ಲಿಗೆ ಹೋಗುತ್ತೆ?"

"ರದ್ದಿಗೆ. ಅಲ್ಲಿಂದ ಮತ್ತೆ ಕಾಗದದ ಗಿರಣಿಗೆ."

"ಅಲ್ಲಿ ಲಕ್ಷಗಟ್ಟಲೆ ಪುಸ್ತಕ ಒಟ್ಟಿಗೆ ನೆನೆಯುತ್ತೆ. ತೊಳೆದ ನೀರು ಹೊಳೆಗೆ ಹೋಗುತ್ತೆ. ಅಷ್ಟೂ ಚಿಟಿಕೆ ಒಂದೇ ಕಡೆ ಸೇರಿದ್ರೆ ಮೀನು ಬದುಕಲ್ಲ. ಪುಸ್ತಕ ಹುಟ್ಟೋದ್ರಿಂದ ಸಾಯೋ ತನಕ ನೋಡ್ಬೇಕು ಅಂತ ನಿಯಮ ಇರೋದು ಇದಕ್ಕೇ."

ಅತ್ತಿಗೆ ಕಣ್ಣೊರೆಸಿಕೊಂಡು, "ಸರಿ, ಅದನ್ನ ಬಿಟ್ಟೆ. ಅದರ ಬದಲು ಏನು ಹಾಕ್ಲಿ ಹೇಳಿ" ಎಂದರು.

"ಅದನ್ನ ನಾನು ಹೇಳೋ ಹಾಗಿಲ್ಲ" ಎಂದರು ಆಕೆ. ನನಗೆ ಮೈ ಉರಿಯಿತು. ಆದರೆ ಆಕೆ ತಾಳ್ಮೆಯಿಂದಲೇ ಮುಂದುವರಿಸಿದರು. "ನಾನು ಹೇಳಿಕೊಟ್ಟು, ನಾನೇ ಬಂದು ನೋಡಿದ್ರೆ ನನ್ನ ಕೆಲಸಾನೇ ನಾನು ಪರೀಕ್ಷೆ ಮಾಡಿದ ಹಾಗಾಗುತ್ತೆ. ತೊಂಬತ್ತು ದಿನ ಟೈಮ್ ಇದೆ. ಇನ್ನೊಂದು ವಿಷಯ, ಬಾಳಿಕೆ ಪರೀಕ್ಷೇನೂ ಇದೆ. ವರ್ಷದೊಳಗೆ ಬಿಚ್ಚಿಕೊಂಡ್ರೆ, ಹುಳ ತಿಂದ್ರೆ ಗುರುತು ಸಿಗಲ್ಲ. ಬೇಗ ಹಾಳಾದ್ರೆ ಮತ್ತೊಂದು ಪುಸ್ತಕ ಬೇಕಾಗುತ್ತಲ್ಲ."

ವಿಷ ಹಾಕಬಾರದು, ಹುಳವೂ ತಿನ್ನಬಾರದು. ಆ ರಾತ್ರಿ ಅತ್ತಿಗೆ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಎಡಗೈಯನ್ನು ಸೆರಗಿನ ತುದಿಯಿಂದ ಸೊಂಟಕ್ಕೆ ಬಿಗಿದುಕೊಂಡು ಅಂಟು ಕುದಿಸಿದರು. "ಇದಕ್ಕೆ ಬುದ್ಧಿ ಬರೋ ತನಕ ಹೀಗೇ ಇರ್ಲಿ" ಎಂದರು. ಹದಿನೈದು ದಿನ ಹಾಗೇ ಮಾಡಿದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಪ್ರಯೋಗಗಳು ಶುರುವಾದವು. ಲವಂಗದ ಎಣ್ಣೆ ಹಾಕಿದರು. ಇಡೀ ಕಾರ್ಖಾನೆ ಹಲ್ಲಿನ ಡಾಕ್ಟರ ಕೋಣೆಯ ಹಾಗೆ ನಾತ ಹೊಡೆಯಿತು, ಹೊಲಿಯುವವರಲ್ಲಿ ಇಬ್ಬರಿಗೆ ತಲೆನೋವು. ವಿನೆಗರ್ ಹಾಕಿದರು, ಪಿನ್ನುಗಳು ತುಕ್ಕು ಹಿಡಿದವು. ಅಣ್ಣನಿಗೂ ಉತ್ಸಾಹ ಬಂದು ತನ್ನದೂ ಒಂದಿರಲಿ ಎಂದು ಮೆಣಸಿನಪುಡಿ ಬೆರೆಸಿದ. ಅವತ್ತು ಅಂಟಿಸುವ ಮೇಜಿನವರೆಲ್ಲ ಸೀನಿ ಸೀನಿ ಸುಸ್ತಾದರು, ಜಿರಳೆಗಳು ಮಾತ್ರ ಆ ಪುಸ್ತಕವನ್ನೇ ಮೊದಲು ಖಾಲಿ ಮಾಡಿದವು. "ನಿಮ್ಮ ಅಡುಗೆ ತಿಂದವರು ಅಂದ್ರೆ ಅವೇ" ಎಂದರು ಅತ್ತಿಗೆ.

ಪರೀಕ್ಷೆಗೆ ಜಾಗ ಯಾವುದು ಅಂದಿರಿ? ಮೆಟ್ಟಿಲ ಕೆಳಗಿನ ಗೋದಾಮು. ತೇವದ ಗೋಡೆ, ಜಿರಳೆಗಳ ಸಂಸಾರ, ಬೆಳ್ಳಿ ಬಣ್ಣದ ಸಣ್ಣ ಹುಳಗಳ ದಂಡು. ಅಲ್ಲಿ ಬದುಕಿದ ಪುಸ್ತಕ ಎಲ್ಲಿ ಬೇಕಾದರೂ ಬದುಕುತ್ತದೆ. ಅತ್ತಿಗೆ ಒಂದೊಂದು ಬಗೆಯ ಅಂಟಿನ ಪುಸ್ತಕಗಳನ್ನು ಒಂದೊಂದು ಸಾಲಾಗಿ ಜೋಡಿಸಿ, ಮೇಲೆ ಚೀಟಿ ಹಚ್ಚಿ, ದಿನಾ ಟಾರ್ಚು ಹಿಡಿದು ಇಣುಕುತ್ತಿದ್ದರು. ನಲವತ್ತು ದಿನ ಕಳೆಯಿತು. ಎಲ್ಲ ಸಾಲಿನಲ್ಲೂ ತೂತು. ಏನೂ ಬೆರೆಸದ ಬರೀ ಮೈದಾ ಸಾಲಿನಲ್ಲೂ ತೂತು, ಆದರೆ ಅದರಲ್ಲಿ ನಡುವೆ ನಡುವೆ ನಾಲ್ಕು ಪುಸ್ತಕ ಮಾತ್ರ ಹೊಸದರ ಹಾಗೇ ಇದ್ದವು.

ಅತ್ತಿಗೆ ಆ ನಾಲ್ಕನ್ನೂ ಹೊರಗೆ ತಂದು ಕಿಟಕಿಯ ಬೆಳಕಿಗೆ ಹಿಡಿದರು. ಪುಸ್ತಕದ ಮೂಲೆಯಲ್ಲಿ ಕಟ್ಟಿದವರ ಗುರುತಿಗೆಂದು ಪೆನ್ಸಿಲಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಗೀಟು ಹಾಕುವ ಪದ್ಧತಿ ನಮ್ಮಲ್ಲಿದೆ. ನಾಲ್ಕರಲ್ಲೂ ಒಂದೇ ಥರದ ಗೀಟು, ಜಿಪುಣಿಯದು.

ಜಿಪುಣಿ ಎಂದರೆ ಅಂಟಿಸುವ ಮೇಜಿನ ಕೊನೆಯಲ್ಲಿ ಕೂರುವ ಸಣಕಲು ಹೆಂಗಸು. ಬ್ರಷ್ಷನ್ನು ಪಾತ್ರೆಯ ಅಂಚಿಗೆ ಮೂರು ಸಲ ಒರೆಸಿ, ತೆಳ್ಳಗೆ, ತನ್ನ ಮನೆಯ ತುಪ್ಪವೇನೋ ಎಂಬಂತೆ ಹಚ್ಚುತ್ತಿದ್ದಳು. "ಅಂಟು ನಿಮ್ಮಪ್ಪಂದೇನೇ?" ಎಂದು ಎಲ್ಲರೂ ಅವಳನ್ನು ಆಡಿಕೊಳ್ಳುತ್ತಿದ್ದೆವು. ಅತ್ತಿಗೆಯಂತೂ ಅವಳನ್ನು ಬೈಯದ ದಿನವಿಲ್ಲ. ಈಗ ಅವಳ ಕಟ್ಟಿನ ಬೆನ್ನು ಬಿಚ್ಚಿ ನೋಡಿದರೆ ಅಂಟು ಕಾಗದದೊಳಗೆ ಇಂಗಿ, ಮೂಳೆಯ ಹಾಗೆ ಒಣಗಿತ್ತು. ಉಳಿದವರದ್ದರಲ್ಲಿ ಮೂಲೆ ಮೂಲೆಗೂ ದಪ್ಪ ಗಂಟು, ಒಳಗೆ ಇನ್ನೂ ಮೆತ್ತಗೆ. ಹುಳ ತಿಂದದ್ದೆಲ್ಲ ಆ ಗಂಟುಗಳನ್ನೇ.

"ಅಯ್ಯೋ ನನ್ನ ಶಿವನೇ!" ಎಂದು ಅತ್ತಿಗೆ ತಲೆ ಚಚ್ಚಿಕೊಂಡರು. "ಮಾವ ಒಂದೇ ಸಲ ದೊಡ್ಡ ಪಾತ್ರೆ ಕುದಿಸೋರು. ಎರಡು ದಿನ ಇಟ್ಕೊಂಡು ಬಳಸೋರು. ಅದು ಹಳಸುತ್ತೆ, ಗಟ್ಟಿಯಾಗುತ್ತೆ, ದಪ್ಪ ದಪ್ಪ ಕೂರುತ್ತೆ. ಅದಕ್ಕೇ ಅವರಿಗೆ ಆ ಚಿಟಿಕೆ ಬೇಕಾಗಿತ್ತು ಕಣೇ! ಬಿಸಿಬಿಸಿ, ತೆಳ್ಳಗೆ, ಇವಳ ಹಾಗೆ ಹಚ್ಚಿದ್ರೆ ಯಾವ ಡಬ್ಬೀನೂ ಬೇಡ!"

ಅಂದಿನಿಂದ ದೊಡ್ಡ ಪಾತ್ರೆ ಮೂಲೆ ಸೇರಿತು. ದಿನಕ್ಕೆ ಮೂರು ಸಲ ಸಣ್ಣ ಪಾತ್ರೆಯಲ್ಲಿ ಹೊಸ ಅಂಟು. ಉಳಿದದ್ದನ್ನು ಮುಂದಿನ ಸರದಿಗೆ ಇಡುವ ಹಾಗಿಲ್ಲ. ಪ್ರೆಸ್ಸಿನ ಕೆಳಗೆ ಒಂದು ದಿನ ಇರುತ್ತಿದ್ದ ಪುಸ್ತಕ ಎರಡು ದಿನ. ಜಿಪುಣಿಯನ್ನು ಮೇಜಿನ ತಲೆಗೆ ಕೂರಿಸಿ, "ಇವತ್ತಿಂದ ಇವಳೇ ಮೇಷ್ಟ್ರು, ಇವಳು ಹಚ್ಚಿದ ಹಾಗೆ ಎಲ್ಲರೂ ಹಚ್ಚಿ" ಎಂದು ಅಪ್ಪಣೆಯಾಯಿತು. ಹನ್ನೆರಡು ವರ್ಷ ಬೈಸಿಕೊಂಡವಳು ಅವಳು, ಬಿಡುತ್ತಾಳೆಯೇ? ಮೊದಲ ದಿನವೇ ಅತ್ತಿಗೆಯ ಬ್ರಷ್ಷನ್ನು ಹಿಡಿದು ನಿಲ್ಲಿಸಿ, "ಅಕ್ಕಾ, ಜಾಸ್ತಿ ಆಯ್ತು, ಒರೆಸಿ" ಎಂದಳು. ಅತ್ತಿಗೆಯ ಮೂಗು ಅರಳಿತು. ಅತ್ತಿಗೆ ಒರೆಸಿದರು.

ಎಂಬತ್ತೊಂದನೆಯ ದಿನ, ಹೇಳದೆ ಕೇಳದೆ, ಹತ್ತೂವರೆಗೆ ಫ್ಲಾಸ್ಕಮ್ಮ ಪ್ರತ್ಯಕ್ಷ. ಅತ್ತಿಗೆ ಏನನ್ನೂ ಮುಚ್ಚಲಿಲ್ಲ, ಏನನ್ನೂ ಎತ್ತಿಡಲಿಲ್ಲ. ಅವರನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ, ತೂತು ಬಿದ್ದ ಸಾಲುಗಳನ್ನೆಲ್ಲ ತೋರಿಸಿ, ಯಾವುದು ಯಾಕೆ ಕೆಟ್ಟಿತು ಎಂದು ಟಾರ್ಚು ಹಿಡಿದು ವಿವರಿಸಿದರು. ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎಂಟು ಪುಸ್ತಕ ಆರಿಸಿಕೊಂಡು ಅರಗು ಒತ್ತಿ ಹೊರಟುಹೋದರು. "ಮುಖದಲ್ಲಿ ಒಂದು ಚೂರಾದ್ರೂ ತೋರಿಸ್ಬಾರ್ದಾ ಮಾರಾಯ್ತಿ" ಎಂದು ನಾನು ಗೊಣಗಿದೆ. "ತೋರಿಸಿದ್ರೆ ಆಕೆ ಆ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಅರ್ಥ, ಸುಮ್ನಿರು" ಎಂದರು ಅತ್ತಿಗೆ.

ಆಮೇಲೆ ಕಾಯುವುದು. ಟೆಂಡರ್ ತೆರೆಯುವ ದಿನ ಹತ್ತಿರ ಬಂತು, ತೀರ್ಮಾನ ಮಾತ್ರ ಬರಲಿಲ್ಲ. ಫೋನ್ ಮಾಡಿದರೆ, "ತೀರ್ಮಾನ ಮಾಡೋರ ಮುಂದಿದೆ, ಅವರಿಗೆ ನಾವು ಅವಸರ ಮಾಡೋ ಹಾಗಿಲ್ಲ" ಎಂಬ ಉತ್ತರ. ಹಿಂದಿನ ಸಂಜೆ ಅತ್ತಿಗೆ ಹದಿನಾಲ್ಕು ಜನರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಾರೂ ಎದ್ದು ಮನೆಗೆ ಹೋಗಲಿಲ್ಲ.

ಟೆಂಡರಿನ ಕೋಣೆಯಲ್ಲಿ ಉದ್ದನೆಯ ಮೇಜು, ಮೇಲೆ ಸಾಲಾಗಿ ಮಾದರಿ ಪುಸ್ತಕಗಳು. ಎಲೆ ಸಾಹುಕಾರ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅಧಿಕಾರಿಣಿ ಅವನ ಪುಸ್ತಕವನ್ನು ಎತ್ತಿ ಹಿಂದೆ ತಿರುಗಿಸಿದರು. "ಈ ಎಲೆಯ ಪರವಾನಗಿ ನಂಬರ್ ಎಲ್ಲಿ?"

"ನಂಬರ್ ಯಾಕೆ ಮೇಡಂ? ಎಲೆ ಇದೆಯಲ್ಲ, ದೊಡ್ಡದಾಗೇ ಇದೆ."

ಅವರು ಪುಸ್ತಕವನ್ನು ಪಕ್ಕಕ್ಕಿಟ್ಟರು. ಇನ್ನೂ ಮೂವರದ್ದು ಹಾಗೇ ಪಕ್ಕಕ್ಕೆ ಹೋಯಿತು. ಕೊನೆಗೆ ನಮ್ಮದನ್ನು ಎತ್ತಿಕೊಂಡರು. ಹಿಂದೆ ಖಾಲಿ. ಗುರುತು ಸಿಗದೆ ಒತ್ತುವಂತಿಲ್ಲವಲ್ಲ.

"ನಿಮ್ಮದೂ ಇಲ್ಲವೇ?"

ಅತ್ತಿಗೆ ಎದ್ದು ನಿಂತರು. "ಪರೀಕ್ಷೆ ಮುಗಿದಿದೆ ಮೇಡಂ, ತೀರ್ಮಾನ ಬರ್ಬೇಕು. ಒಂದ್ಸಲ ತಪ್ಪು ಮಾಡಿ ಫೇಲಾಗಿದ್ವಿ, ಅದನ್ನೂ ಹೇಳ್ಬಿಡ್ತೀನಿ. ದಯವಿಟ್ಟು ಪಟ್ಟಿ ಒಂದ್ಸಲ ನೋಡಿ. ಇಲ್ಲ ಅಂದ್ರೆ ಎದ್ದು ಹೋಗ್ತೀವಿ."

ಹನಿ ಗುರುತು ಪಡೆದವರ ಪಟ್ಟಿ ಎಲ್ಲರೂ ನೋಡುವಂತೆ ಕಂಪ್ಯೂಟರಿನಲ್ಲಿರುತ್ತದೆ. ಅಧಿಕಾರಿಣಿ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಹುಡುಕಿದರು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಎಲುಬು ಮುರಿಯುವುದೊಂದು ಬಾಕಿ. ಅಧಿಕಾರಿಣಿ ಕನ್ನಡಕ ಸರಿ ಮಾಡಿಕೊಂಡರು. "ಇವತ್ತು ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಸೇರಿಸಿದ್ದಾರೆ" ಎಂದರು. "ಶಾಲಾ ನೋಟ್‌ಬುಕ್, ಪೂರ್ಣ ಅರ್ಹತೆ, ಮೂರು ವರ್ಷ. ಈ ಬಗೆಯಲ್ಲಿ ಈ ಊರಿಂದ ಸದ್ಯಕ್ಕೆ ನಿಮ್ಮದೊಂದೇ ಇದೆ." ಆಮೇಲೆ ನಂಬರನ್ನು ಒಂದೊಂದೇ ಅಂಕಿಯಾಗಿ ಜೋರಾಗಿ ಓದಿ, ನಮ್ಮ ಪುಸ್ತಕದ ಮೇಲೆ ಬರೆದು, ಮೇಜಿನ ನಡುವೆ ಇಟ್ಟರು. "ಟೆಂಡರ್ ನಿಮಗೇ, ಗುರುತಿರುವ ಮೂರು ವರ್ಷಕ್ಕೂ" ಎಂದರು.

ಹೊರಗೆ ಬಂದ ಮೇಲೆ ಎಲೆ ಸಾಹುಕಾರ ಹಿಂದಿನಿಂದ ಓಡಿ ಬಂದ. "ಅಮ್ಮಾ, ಯಾರನ್ನ ಹಿಡಿದ್ರಿ? ನಮಗೂ ಸ್ವಲ್ಪ ಹೇಳಿ" ಎಂದು ಪಿಸುಗುಟ್ಟಿದ.

"ಯಾರನ್ನೂ ಹಿಡಿಯೋಕಾಗಲ್ಲ ಸಾಹುಕಾರ್ರೇ, ಅದೇ ಅದರ ಚೆಂದ" ಎಂದರು ಅತ್ತಿಗೆ. "ಫಾರಂ ಬೇಕಾದ್ರೆ ಬನ್ನಿ, ತುಂಬೋದು ಹೇಗೆ ಅಂತ ಇವಳು ಹೇಳ್ಕೊಡ್ತಾಳೆ. ಮೊದ್ಲು ನಿಮ್ಮ ಚರಂಡಿ ನೋಡ್ಕೊಳ್ಳಿ." ಅವನು ನಕ್ಕನೋ ಅತ್ತನೋ, ನಾನು ತಿರುಗಿ ನೋಡಲಿಲ್ಲ. ನನ್ನ ಕಾಲು ನೆಲದ ಮೇಲಿದ್ದರೆ ತಾನೆ!

ಮೆಟ್ಟಿಲ ಮೇಲೆ ಕೂತು ಅತ್ತಿಗೆ ಕಾರ್ಖಾನೆಗೆ ಫೋನ್ ಮಾಡಿದರು. ಎತ್ತಿಕೊಂಡವನು ಅಣ್ಣ. ಹಿಂದೆ ಮಷೀನಿನ ಸದ್ದಿಲ್ಲ, ಹೊಲಿಗೆಯ ಸದ್ದಿಲ್ಲ, ಹದಿನಾಲ್ಕು ಜನರೂ ಫೋನಿನ ಸುತ್ತ ನಿಂತಿದ್ದಾರೆ ಎಂದು ಆ ಮೌನದಲ್ಲೇ ಗೊತ್ತಾಯಿತು. ಗೆದ್ದೆವು ಎನ್ನಬೇಕೆಂದು ಅತ್ತಿಗೆ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಅತ್ತಿಗೆಗೆ ಮಾತು ಕೈಕೊಟ್ಟಿತ್ತು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ನಾನೂ ಅಳುತ್ತಿದ್ದೆ, ದಾರಿಹೋಕರು ಯಾರೋ ಸತ್ತರು ಎಂದುಕೊಂಡಿರಬೇಕು.

"ಹಲೋ? ಏನಾಯ್ತೇ? ಬೈದಾದ್ರೂ ಬೈಯೇ!" ಎಂದು ಅಣ್ಣ ಆ ಕಡೆಯಿಂದ ಕೂಗುತ್ತಿದ್ದ.

ಅತ್ತಿಗೆ ಮೂಗು ಒರೆಸಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ಕೆಲಸ ಇದೆ ಕಣ್ರೇ! ಮೂರು ವರ್ಷ ಎಲ್ಲರಿಗೂ ಕೆಲಸ ಇದೆ!"